ಮುಚ್ಚಿಕೊಳ್ಳದ ಚೆಂಡು

ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿಯ ಮುಖವನ್ನು ಹುಡುಗ ನೋಡಲೇ ಇಲ್ಲ!

ಹೆಣ್ಣು ನೋಡಲು ಬಂದಿದ್ದ ಆ ಹುಡುಗ ಏಕಾಂತಯ್ಯನ ಕಣ್ಣು ಶೋಕೇಸಿನಲ್ಲಿದ್ದ ಟೊಳ್ಳು ಚೆಂಡಿನ ಮೇಲಿತ್ತು. ಮಣಿಯಿಂದ ಮಣಿಗೆ ತಂತಿ ಬಿಗಿದು ಮಾಡಿದ ಚೆಂಡು. ದಡಕ್ಕನೆ ಎದ್ದು ಅದನ್ನು ಕೈಗೆತ್ತಿಕೊಂಡ.

"ಇದು... ಇದನ್ನ ಯಾರು ಮಾಡಿದ್ದು?"

"ನಮ್ಮ ರಾಜೀನೇ! ಪಿಯುಸಿ ಮುಗಿಸಿ ಮನೇಲಿದಾಳಲ್ಲ, ಹೊತ್ತು ಹೋಗ್ಬೇಕಲ್ಲ," ಎಂದರು ತಾಯಿ ಶಿವಗಂಗಮ್ಮ.

ಪಿಯುಸಿಯಂತೆ! ರಾಜಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಅದನ್ನು ಕೇಳಿಯೇ ಹಿಂದಿನ ಇಬ್ಬರು ಹುಡುಗರು ಬಸವೇಶ್ವರನಗರದ ಈ ಮನೆಯಿಂದ ಎದ್ದು ಹೋಗಿದ್ದರು. ಈ ಸಲ ಬಾಯಿ ಬಿಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳು.

"ಕಾರ್ಬನ್ ಹೀಗಿರತ್ತೆ ಅಂತ ಹೋದ ವರ್ಷ, ಎಂಬತ್ತೈದರಲ್ಲಿ ತಾನೇ ಗೊತ್ತಾಗಿದ್ದು! ಮಣಿ ಅಂದ್ರೆ ಪರಮಾಣು, ತಂತಿ ಅಂದ್ರೆ ಬಂಧ..." ಎಂದ ಏಕಾಂತಯ್ಯ ಚೆಂಡನ್ನು ತಿರುಗಿಸುತ್ತಾ.

ರಾಜಿ ತಟ್ಟನೆ ತಲೆ ಎತ್ತಿದಳು. ತಾನು ಗಣಿತದ ಪಾಠದಲ್ಲಿ ಬರೆದ ಚುಕ್ಕಿ ಗೆರೆಗಳು ನಿಜವಾಗಿಯೂ ಲೋಕದಲ್ಲಿವೆಯೇ?

"ಆರು ಮೂಲೆಯ ಮನೆಗಳೇ ಇದ್ರೆ ಚಾಪೆ ಥರ ಮಲಗತ್ತೆ. ಐದು ಮೂಲೆಯವು ಸೇರಿದ್ರೇನೇ ಬಾಗೋದು. ನಾನು ಇದಕ್ಕಿಂತ ದೊಡ್ಡದು ಮಾಡ್ತಾ ಇದೀನಿ. ಅದಕ್ಕೆ ಐದರದ್ದು ಹದಿನಾರು ಹಾಕಿ..."

"ಹನ್ನೆರಡೇ!"

ಅಯ್ಯೋ... ರಾಜಿಯ ಬಾಯಿಂದ ಬಿದ್ದೇ ಹೋಯಿತು! ಇನ್ನು ಮುಚ್ಚಿಡುವುದೇನು?

"ಎಷ್ಟೇ ದೊಡ್ಡದಾಗ್ಲಿ, ಐದರದ್ದು ಹನ್ನೆರಡೇ. ಆರರದ್ದು ಮಾತ್ರ ಹೆಚ್ಚಾಗೋದು. ಗ್ರಾಫ್ ಥಿಯರೀಲಿ ಚುಕ್ಕಿ, ಗೆರೆ ಎಣಿಸಿದ್ರೆ ಗೊತ್ತಾಗತ್ತೆ. ನಾನು... ನಾನು ಎಂ.ಎಸ್ಸಿ. ಮ್ಯಾಥ್ಸ್."

ಏಕಾಂತಯ್ಯ ಮೊದಲ ಸಲ ಅವಳ ಮುಖ ನೋಡಿದ. ಬಾಯಿ ತೆರೆದೇ ಇತ್ತು. ಮರುಕ್ಷಣ ಬರಿಗಾಲಲ್ಲಿ ಹೊರಗೆ ಓಡಿ, ಸೈಕಲ್ ಹತ್ತಿ ಹೊರಟೇಹೋದ!

"ಕೆಡಿಸ್ಬಿಟ್ಟೆಯಲ್ಲೇ!" ಶಿವಗಂಗಮ್ಮ ಸೆರಗು ಬಾಯಿಗೊತ್ತಿಕೊಂಡರು.

ರಾಜಿಗೆ ಅಳು ನುಗ್ಗಿ ಬಂತು. 'ಹಿಂದಿನವರು ಹೋದಾಗ ಏನೂ ಅನ್ನಿಸಿರಲಿಲ್ಲ. ಇವನು ಮಾತ್ರ ಹೋಗಬಾರದಿತ್ತು...'

ಹುಡುಗನ ತಾಯಿ ನೀಲಮ್ಮ ಮಾತ್ರ ನಿಧಾನವಾಗಿ ಉಪ್ಪಿಟ್ಟು ತಿನ್ನುತ್ತಿದ್ದರು. "ಚಪ್ಪಲಿ ಬಿಟ್ಟು ಹೋಗಿದಾನೆ. ನನ್ನೂ ಬಿಟ್ಟು ಹೋಗಿದಾನೆ. ಬರ್ತಾನೆ ಬಿಡಿ."

ಬಂದ! ಮಹಾಲಕ್ಷ್ಮಿ ಲೇಔಟ್‌ನ ತನ್ನ ಮನೆಯಿಂದ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಂಟಿಸಿದ ದೊಡ್ಡ ಚೆಂಡು. ಒಂದು ಕಡೆ ಬಾಯಿ ಬಿಟ್ಟುಕೊಂಡಿತ್ತು.

"ತಿಂಗಳುಗಟ್ಟಲೆ ಒದ್ದಾಡ್ತಿದೀನಿ. ಮುಚ್ಕೋತಾನೇ ಇಲ್ಲ."

"ನಾನು... ಓದಿದವಳು ಬೇಡ ಅಂತ ಹೋದ್ರಿ ಅಂದ್ಕೊಂಡೆ."

"ಬೇಡ ಅನ್ನೋನು ಬರಿಗಾಲಲ್ಲಿ ಪೆಡಲ್ ತುಳೀತಾನಾ? ಇದನ್ನ ನೋಡಿ ಮನೇವ್ರೆಲ್ಲ ಹುಚ್ಚ ಅಂತಾರೆ, ರಾಜಿ. ತಪ್ಪೆಲ್ಲಿದೆ ಅಂತ ಹೇಳಿದ್ದು ನೀವೊಬ್ರೇ. ನನ್ನ ಮದ್ವೆ ಆಗ್ತೀರಾ?"

ರಾಜಿ ಕಣ್ಣೊರೆಸಿಕೊಂಡು ಅವನೆದುರು ಕೂತಳು. ಹೆಚ್ಚಾಗಿದ್ದ ನಾಲ್ಕು ಐದುಮೂಲೆಗಳಲ್ಲಿ ಮೊದಲನೆಯದನ್ನು ಮೆಲ್ಲಗೆ ಬಿಚ್ಚಿದಳು.

"ಒಬ್ಳಿಗೇ ಆಗಲ್ಲ. ಆ ಕಡೆ ಹಿಡ್ಕೊಳ್ಳಿ."

ಅವನು ಹಿಡಿದುಕೊಂಡ. ಬೆರಳಿಗೆ ಬೆರಳು ತಾಗಿತು.

"ಬಿಡ್ಬೇಡಿ ಮತ್ತೆ..."

"ಬಿಡಲ್ಲ."