ಕುಂಕುಮ ಹಚ್ಚಿದ ಕಂಪ್ಯೂಟರ್

೨೦೨೫ರ ಅಕ್ಟೋಬರ್ ೨, ವಿಜಯದಶಮಿ. ಬೀದರದ ಸೈಬರ್ ಠಾಣೆಯ ಜೀಪಿಗೆ ಆಯುಧಪೂಜೆಯಂದು ಕಟ್ಟಿದ್ದ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಭಾಲ್ಕಿಯ ಬಸ್ಸಿಳಿದು ಬಂದ ಅನುಸೂಯಾಬಾಯಿ ತಮ್ಮ ಮೊಬೈಲನ್ನು ಇನ್‌ಸ್ಪೆಕ್ಟರ್ ಅಬ್ದುಲ ಅಜೀಜರ ಮೇಜಿನ ಮೇಲಿಟ್ಟರು. ಔರಾದ ತಾಲ್ಲೂಕಿನ ಎಕಂಬಾದಲ್ಲಿ ತವರಿನವರು ಕೊಟ್ಟ ಹೊಲ, ಹಿಂದಿನ ದಿನ ಮಧ್ಯಾಹ್ನ, ಊರಲ್ಲಿ ಯಾರೂ ಕೇಳಿರದ ಹೆಸರಿಗೆ ಹೋಗಿತ್ತು. ಹಾಗೆಂದು ಸರ್ಕಾರದ್ದೇ ಸಂದೇಶ ಬಂದಿತ್ತು.

“ಮನ್ಯಾಗ ಯಾರಿಗಿ ಹೇಳೀರಿ?”

“ಯಾರಿಗೂ ಇಲ್ರಿ. ಮಗ ಇಲ್ಲೇ ಸರ್ಕಾರಿ ಕಂಪ್ಯೂಟರ್ ಕಾಯೋ ಕೆಲಸದಾಗ ಇದ್ದಾನ್ರಿ. ಹಬ್ಬಕ್ಕೂ ಡ್ಯೂಟಿ ಅಂದ. ಹೇಳಿದ್ರ ಚಿಂತಿ ಮಾಡ್ತಾನ.”

ಎಫ್‌ಐಆರ್ ದಾಖಲಾಯಿತು. ಬದಲಾವಣೆ ಮಾಡಿದ್ದು ಔರಾದ ತಾಲ್ಲೂಕು ಕಚೇರಿಯ ಆಪರೇಟರ್ ಮಡೆಪ್ಪ, ಅದೂ ಅವನದೇ ಕಂಪ್ಯೂಟರಿನಿಂದ ಎಂದು ಸರ್ಕಾರಿ ದಾಖಲೆ ಹೇಳಿತು. ಕಾನ್‌ಸ್ಟೇಬಲ್ ಗೋರಖನಾಥ ಅವನನ್ನು ಹಬ್ಬದ ಊಟದಿಂದ ಎಬ್ಬಿಸಿ ತಂದ. ಗುತ್ತಿಗೆ ನೌಕರ; ಕೇಸು ಬಿದ್ದರೆ ಅನ್ನಕ್ಕೇ ಕಲ್ಲು. ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದರೆ, ಎಲ್ಲರಿಗೂ ಎಂದ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಅವರ ಹೆಸರಲ್ಲಿ ಕೂತು ಸಾಲು ಕರಗಿಸುವುದು ಆ ಕಚೇರಿಯ ರೂಢಿ.

“ಆದ್ರ ನಿನ್ನಿ ನನ್ನ ಮಷೀನ್ ಯಾರು ಮುಟ್ತಾರ್ರಿ ಸಾಹೇಬ್ರ? ಮೊನ್ನಿ ಸಂಜಿಗಿ ಪೂಜಿ ಮಾಡಿ ಬಂದ್ ಮಾಡೀವಿ. ದಸರಾ ಮುಗಿಯೋತನಕ ಮುಟ್ಟಂಗಿಲ್ಲ.”

ಅಜೀಜ್ ಔರಾದಕ್ಕೆ ಹೋಗಿ, ತಹಸೀಲ್ದಾರರ ಎದುರು ಬೀಗ ತೆಗೆಸಿ ಪಂಚನಾಮೆ ಮಾಡಿದರು. ಪ್ಲಗ್ ಕಿತ್ತು ವೈರು ಸುತ್ತಿಟ್ಟಿದ್ದರು. ಆನ್ ಮಾಡುವ ಗುಂಡಿಯ ಮೇಲೆ ಬಳಿದ ಗಂಧ ಕುಂಕುಮ ಒಣಗಿ, ಎಲ್ಲೂ ಬಿರಿಯದೆ ಹಾಗೇ ಇತ್ತು. ಅಜೀಜರಿಗೆ ನಗು ಬಂತು. ಅವರ ಠಾಣೆಯ ಬಂದೂಕುಗಳಿಗೂ ನಿನ್ನೆ ಇದೇ ಮರ್ಯಾದೆ ಆಗಿತ್ತು.

ಅಂದರೆ ಈ ಕಂಪ್ಯೂಟರ್ ಮಲಗಿದ್ದಾಗ ಬೇರೆ ಯಾವುದೋ ಕಂಪ್ಯೂಟರ್ ಇದರ ಗುರುತು ಹಾಕಿಕೊಂಡು ಕೆಲಸ ಮಾಡಿತ್ತು. ಪ್ರತಿ ಯಂತ್ರದ ಗುರುತು ಗೊತ್ತಿರುವುದು ಜಿಲ್ಲೆಯ ಸರ್ಕಾರಿ ಜಾಲವನ್ನು ಬೀದರದಲ್ಲಿ ಕೂತು ಕಾಯುವ ಭದ್ರತಾ ತಂಡಕ್ಕೆ ಮಾತ್ರ. ಅಲ್ಲಿ ದಸರೆಗಾಗಲಿ ದೀಪಾವಳಿಗಾಗಲಿ ಪರದೆ ಆರುವುದಿಲ್ಲ. ಅಲ್ಲಿ ಕೂತವನಿಗೆ ಔರಾದದಲ್ಲಿ ಯಂತ್ರಗಳೂ ಹಬ್ಬ ಮಾಡುತ್ತವೆ ಎಂಬುದೇ ಮರೆತುಹೋಗಿತ್ತು. ನಿನ್ನೆ ಡ್ಯೂಟಿಯಲ್ಲಿದ್ದವನು ಎಂಜಿನಿಯರ್ ಸತೀಶಕುಮಾರ, ಭಾಲ್ಕಿಯವನು. ಅಜೀಜ್ ಬೆಳಗಿನ ದೂರನ್ನು ಮತ್ತೆ ಓದಿದರು. ಅವರಿಗೆ ಬೇಜಾರಾಯಿತು.

ಮರುದಿನ ಸತೀಶಕುಮಾರ ಎದುರಿಗೆ ಕೂತಾಗ ಅಜೀಜ್ ಹೆಚ್ಚೇನೂ ಕೇಳಲಿಲ್ಲ.

“ಮಡೆಪ್ಪನ ನೌಕರಿ ಹೋಗ್ತದ. ಹೊಲದ ಯಜಮಾನ್ತಿ ಇಲ್ಲೇ ಕೂತು ಅತ್ತು ಹೋದ್ಳು.”

“ಅವ್ವ ಅತ್ತಳೇನ್ರಿ?”

ಹೊಲ ಯಾರದೆಂದು ಅಜೀಜ್ ಹೇಳಿರಲಿಲ್ಲ. ಸತೀಶಕುಮಾರನೂ ಮುಂದೆ ಏನನ್ನೂ ಬಚ್ಚಿಡಲಿಲ್ಲ. ಹಂಚಿಕೊಂಡ ಪಾಸ್‌ವರ್ಡಿನಿಂದ ಯಾರ ಹೊಲವನ್ನಾದರೂ ಯಾರ ಹೆಸರಿಗಾದರೂ ಹಾಕಬಹುದೆಂದು ಮೇಲಿನವರಿಗೆ ಹೇಳಿ ಹೇಳಿ ಅವನ ಬಾಯಿ ಸೋತಿತ್ತು. ಇಲ್ಲಿತನಕ ಏನಾಗ್ಯದ ಎಂದು ಅವರು ಕೇಳುತ್ತಿದ್ದರು. ಅದಕ್ಕೇ ಅವ್ವನ ಹೊಲವನ್ನು ಇಲ್ಲದ ಹೆಸರಿಗೆ ಹಾಕಿ, ಅದನ್ನು ಈ ದಿನದ ಸಭೆಯಲ್ಲಿ ತೋರಿಸಿ, ಅಲ್ಲೇ ಸರಿಪಡಿಸುವ ಲೆಕ್ಕ ಅವನದಾಗಿತ್ತು. ಸಂದೇಶ ನೆಟ್ಟಗೆ ಅವ್ವನ ಮೊಬೈಲಿಗೆ ಹೋಗುತ್ತದೆಂದು ಹೊಳೆದಿರಲಿಲ್ಲ.

ಸತೀಶಕುಮಾರನ ಬಂಧನ ಆಯಿತು, ಮಡೆಪ್ಪ ಮನೆಗೆ ಹೋದ. ಸಂಜೆಯೊಳಗೆ ಜಿಲ್ಲೆಯ ಎಲ್ಲ ಕಚೇರಿಗಳಿಗೂ ಪಾಸ್‌ವರ್ಡ್ ಬದಲಿಸುವ ಆದೇಶ ಬಂತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದರಲ್ಲಿ ನಮ್ಮವರದು ಎತ್ತಿದ ಕೈ.

ಅನುಸೂಯಾಬಾಯಿ ಬಂದು ದೂರು ವಾಪಸ್ ಕೊಡಿ ಎಂದು ಕೇಳಿದರು. ಅದು ತಮ್ಮ ಕೈಯಲ್ಲಿಲ್ಲ ಎಂದು ಹೇಳಲು ಅಜೀಜರಿಗೆ ಕಷ್ಟವಾಯಿತು. ಆಕೆ ಸೆರಗಿನ ಗಂಟಿನಿಂದ ನಿನ್ನೆಯ ಬನ್ನಿ ತೆಗೆದು, ಲಾಕಪ್ಪಿನ ಸರಳುಗಳ ನಡುವೆ ಕೈ ಹಾಕಿ ಮಗನಿಗೆ ಕೊಟ್ಟರು.

“ಬಂಗಾರದಂಗ ಇರಪ್ಪ. ಊರ ತುಂಬ ಹೊಲ ಇದ್ವು. ನಂದೇ ಯಾಕ ತಗೊಂಡಿ?”

“ಬ್ಯಾರೆಯವರ ಅವ್ವ ಅಳಬಾರ್ದು ಅಂತ, ಅವ್ವ.”

ಆಕೆ ಬಹಳ ಹೊತ್ತು ಸರಳಿನಿಂದ ಕೈ ಹೊರತೆಗೆಯಲಿಲ್ಲ. ಭೇಟಿಯ ಸಮಯ ಮುಗಿದಿದ್ದರೂ ಗೋರಖನಾಥ ಹೊರಗೆ ಹೋಗಿ ಜೀಪಿನ ಚೆಂಡುಹೂ ಬಿಚ್ಚತೊಡಗಿದ.