ಹದಿನಾರಕ್ಕೆ ಹದಿಮೂರು

ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ವಸುಮತಿಗೆ ತಾಳ್ಮೆ ತಪ್ಪಿತು. "ಶೀಶಿ ತೋ ಖೋಲಿಯೇ, ಭಯ್ಯಾ," ಎಂದಳು, ಬ್ಯಾಂಕಿನ ಕೌಂಟರಿನಲ್ಲಿ ಕಲಿತ ಹಿಂದಿಯಲ್ಲಿ.

ಬಾಟಲಿ ತೆರೆದು ಆಗಲೇ ಇಪ್ಪತ್ತು ಸೆಕೆಂಡ್ ಆಯಿತು ಎಂದು ಎದುರಿನ ಗಂಡು ದನಿ ಹಿಂದಿಯಲ್ಲೇ ಉತ್ತರಿಸಿತು.

"ಸುಳ್ಳ ಹೇಳಾಕತ್ತಾನ ಇಂವಾ," ಎಂದು ಅವಳು ತನ್ನಷ್ಟಕ್ಕೆ ಗೊಣಗಿದಳು.

"ಸುಳ್ಳಲ್ಲ ಮೇಡಂ. ಲವಂಗ ನಿಮ್ಮ ಮೂಗಿನ ಕೆಳಗೇ ಇದೆ," ಎಂದಿತು ಅದೇ ದನಿ, ಈ ಸಲ ಅಚ್ಚ ಕನ್ನಡದಲ್ಲಿ.

ವಸುಮತಿ ಪಟ್ಟಿಯನ್ನು ಕಿತ್ತು ನೋಡಿದಳು. ಮೂವತ್ತೈದರ ಆಸುಪಾಸಿನ, ಕನ್ನಡಕದ ಮನುಷ್ಯ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಕಾಶಿಗೆ ವರ್ಗವಾಗಿ ಬಂದ ಎರಡು ವರ್ಷದಲ್ಲಿ ಅವಳು ಗೊಣಗಿದ್ದು ಇನ್ನೊಬ್ಬರಿಗೆ ಅರ್ಥವಾದದ್ದು ಅದೇ ಮೊದಲು. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು.

ಅವನ ಹೆಸರು ಸುಧನ್ವ. ಹಾಸನದವನು, ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ವಾಸನೆ ಕಳೆದುಕೊಂಡವರಿಗೆ ಮೂಗಿನ ತಾಲೀಮು ಕೊಟ್ಟು, ಜೊತೆಗೆ ಅವರ ಮನಸ್ಸು ಹೇಗಿರುತ್ತದೆಂದು ಗಮನಿಸುವುದು ಅವನ ಕೆಲಸ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂದು ನಾಲ್ಕು ಬಾಟಲಿ ಕೊಟ್ಟ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸಬೇಕು, ಮೂಸುವಾಗ ಆ ವಾಸನೆಯ ಹಳೆಯ ನೆನಪನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪ್ರತಿ ಬುಧವಾರ ಬಂದು ಪರೀಕ್ಷೆ ಕೊಡಬೇಕು.

"ವಾಸಿ ಆಗ್ತದೇನ್ರಿ?"

"ಕೆಲವರಿಗೆ ಆಗುತ್ತೆ. ಕೆಲವರಿಗೆ ಆಗಲ್ಲ. ಸುಮ್ಮಸುಮ್ಮನೆ ಆಸೆ ಹುಟ್ಟಿಸೋಕೆ ನನಗೆ ಬರಲ್ಲ," ಎಂದ ಅವನು. ಆ ಮಾತು ಅವಳಿಗೆ ಹಿಡಿಸಿತು.

ಕೊನೆಗೊಂದು ಕಾರ್ಡ್ ಇತ್ತು. ಈ ವಾರ ನಿಮ್ಮ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ? ವಸುಮತಿ ಎರಡು ಎಂದು ಬರೆದಳು. ಅವನು ಅದನ್ನು ನೋಡಿದ. ಎದ್ದು ಹೋಗಿ ಕ್ಯಾಂಟೀನಿನಿಂದ ಎರಡು ಚಹಾ ತಂದ.

"ಕುಡೀರಿ. ಬಿಸಿ ಅನ್ನೋದಾದ್ರೂ ಗೊತ್ತಾಗುತ್ತೆ."

ಎರಡು ಅಂಕವೇ ಹೆಚ್ಚಾಯಿತು ಅನ್ನಬೇಕು. ಹಿಂದಿನ ವರ್ಷ ಒಂದು ಜ್ವರ ಬಂದು ಹೋಗುವಾಗ ಅವಳ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ಆಮೇಲೆ ಊಟ ಎಂದರೆ ಮುಗಿಸಬೇಕಾದ ಕೆಲಸ. ಹಾಲು ಸೀದದ್ದು ಪಕ್ಕದ ಮನೆಯವರು ಕೂಗಿದಾಗಲೇ ಗೊತ್ತಾಗುತ್ತಿತ್ತು. ಹರಿಶ್ಚಂದ್ರ ಘಾಟಿನ ಕಡೆಗೆ ಕಿಟಕಿಯಿದ್ದ ಅವಳ ಕೋಣೆಯನ್ನು ಚಿತೆಗಳ ಹೊಗೆಗೆ ಹೆದರಿ ಬೇರೆ ಯಾರೂ ಬಾಡಿಗೆಗೆ ಹಿಡಿದಿರಲಿಲ್ಲ. "ತೂ ತೋ ಭಾಗ್ಯವಾನ್ ಹೈ, ಬಿಟಿಯಾ," ಎನ್ನುತ್ತಿದ್ದಳು ಮನೆಯೊಡತಿ ತಾರಾದೇವಿ, ಮೂಗಿಗೆ ಸೆರಗು ಒತ್ತಿಕೊಂಡು. ಆ ಭಾಗ್ಯ ಇಟ್ಟುಕೊಂಡು ವಸುಮತಿ ಎಷ್ಟೋ ಸಂಜೆ ದೀಪವನ್ನೂ ಹಾಕದೆ ಕುಳಿತಿದ್ದಳು.

ಬುಧವಾರಗಳು ಸಾಗಿದವು. ಪರೀಕ್ಷೆ ಬಹಳ ಸರಳ. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಸುಧನ್ವ ವಾಸನೆಯಲ್ಲಿ ಅದ್ದಿದ ಒಂದು ಕಾಗದದ ಚೂರನ್ನು ಮೂಗಿನ ಬಳಿ ಹಿಡಿದು ನಾಲ್ಕು ಹೆಸರನ್ನೂ ಓದುತ್ತಾನೆ, ಅವಳು ಒಂದನ್ನು ಆರಿಸಬೇಕು. ಒಟ್ಟು ಹದಿನಾರು ಸಲ. ಕಣ್ಣು ಮುಚ್ಚಿ ಊಹಿಸಿದರೂ ನಾಲ್ಕು ಸರಿಯಾಗುತ್ತದೆ. ಅವಳದ್ದು ನಾಲ್ಕೇ ಆಗುತ್ತಿತ್ತು.

ನಾಲ್ಕನೇ ವಾರ ಅವಳ ಕಿವಿಗೆ ಒಂದು ಸಂಗತಿ ಬಿತ್ತು. ಗುಲಾಬಿ, ನಿಂಬೆ ಎಂದು ಸರಸರ ಓದುವ ಅವನ ದನಿ ಯಾವುದೋ ಒಂದು ಹೆಸರಿಗೆ ಬಂದಾಗ ಕೂದಲೆಳೆಯಷ್ಟು ನಿಧಾನವಾಗುತ್ತಿತ್ತು. ಪಾಪ, ಅವನಿಗೇ ಅದರ ಅರಿವಿರಲಿಲ್ಲ. ಅವಳು ಗೆಲ್ಲಲಿ ಎಂದು ಅವನ ಗಂಟಲು ತನ್ನಷ್ಟಕ್ಕೆ ಹಂಬಲಿಸುತ್ತಿತ್ತು. ವಸುಮತಿ ಆ ಹೆಸರನ್ನೇ ಹೇಳಿ ನೋಡಿದಳು.

"ಸರಿ!" ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ. ಪಟ್ಟಿ ತೆಗೆದಾಗ ಅವನ ಮುಖ ಅರಳಿತ್ತು. ಕನ್ನಡಕ ಓರೆಯಾಗಿತ್ತು, ಅದನ್ನು ಸರಿಮಾಡಿಕೊಳ್ಳುವುದನ್ನೂ ಮರೆತಿದ್ದ. ಆ ಮುಖವನ್ನು ಇನ್ನೊಮ್ಮೆ ನೋಡಬೇಕೆಂದು ಅವಳಿಗೆ ಆಸೆಯಾಯಿತು. ತಪ್ಪು ಅಲ್ಲಿಂದ ಶುರುವಾಯಿತು.

ಮುಂದಿನ ವಾರ ಏಳು, ಆಮೇಲೆ ಹತ್ತು, ಎಂಟನೇ ವಾರ ಹದಿಮೂರು. ಕಾರ್ಡಿನಲ್ಲಿ ಮನಸ್ಸಿನ ಅಂಕವೂ ಎರಡರಿಂದ ಎಂಟಕ್ಕೆ ಏರಿತ್ತು.

"ಸೋಮವಾರದ ಮೀಟಿಂಗ್‌ನಲ್ಲಿ ನಿಮ್ಮ ಕೇಸನ್ನೇ ಮೊದಲು ತೋರಿಸ್ತೀನಿ. ವಾಸನೆ ಬಂತು, ಮನಸ್ಸೂ ಎದ್ದು ನಿಂತಿತು. ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?" ಎಂದ ಸುಧನ್ವ. ನಂತರ ಸ್ವರ ತಗ್ಗಿಸಿ ಕೇಳಿದ: "ಗುಲಾಬಿ ಹೇಗಿದೆ ಈಗ?"

"ಛಲೋ ಐತ್ರಿ," ಎಂದಳು ಅವಳು, ನೆಲ ನೋಡುತ್ತ.

ಹೊರಗೆ ಬೆಂಚಿನ ಮೇಲೆ ರಾಮು ಚಾಚಾ ಕುಳಿತಿದ್ದರು. ಇದೇ ತಾಲೀಮಿಗೆ ಬರುತ್ತಿದ್ದ ಮಿಠಾಯಿ ಅಂಗಡಿಯ ಮುದುಕ. ತುಪ್ಪ ಹದಕ್ಕೆ ಬಂತೇ ಎಂದು ಮೂಗಿನಿಂದಲೇ ಹೇಳುತ್ತಿದ್ದವರು ಈಗ ಮಗನನ್ನು ಕೇಳಬೇಕಾಗಿತ್ತು. "ಬಿಟಿಯಾ, ನಿನಗೆ ಬಂತಂತಲ್ಲ! ನಾನೂ ದಿನಕ್ಕೆ ಎಂಟು ಸಲ ಮೂಸ್ತಿದ್ದೀನಿ," ಎಂದರು ಹಿಂದಿಯಲ್ಲಿ. ಅವರ ಮೂಗಿನ ಹೊಳ್ಳೆಗಳು ಕೆಂಪಗೆ ಸುಲಿದಿದ್ದವು.

ವಸುಮತಿ ಮೆಟ್ಟಿಲವರೆಗೆ ಹೋದಳು. ಕಾಲು ಮುಂದೆ ಹೋಗಲಿಲ್ಲ. ನಿಜ ಹೇಳಿದರೆ ಬುಧವಾರಗಳು ಹೋಗುತ್ತವೆ, ಅವನ ಮುಖವೂ ಹೋಗುತ್ತದೆ. ಹೇಳದಿದ್ದರೆ ಈ ಮುದುಕ ಅವಳ ಸುಳ್ಳನ್ನು ನಂಬಿ ದಿನಾ ಮೂಗು ಸುಲಿದುಕೊಳ್ಳುತ್ತಾನೆ. ಅವಳು ತಿರುಗಿ ಬಂದು ಬಾಗಿಲು ತಳ್ಳಿದಳು.

"ನಂಗ ಏನೂ ವಾಸನಿ ಬರಂಗಿಲ್ರಿ. ಒಂದು ದಿನಾನೂ ಬಂದಿಲ್ಲ."

ಸುಧನ್ವನ ಕೈಯಲ್ಲಿದ್ದ ಪೆನ್ನು ನಿಂತಿತು. "ಮತ್ತೆ ಹದಿಮೂರು?"

"ನೀವು ಓದೂ ಮುಂದ ಸರಿ ಹೆಸರಿಗೆ ದನಿ ನಿಧಾನ ಮಾಡ್ತೀರಿ. ಅದನ್ನ ಕೇಳಿ ಹೇಳಿದೆ."

ಅವನು ಪೆನ್ನನ್ನು ಕೆಳಗಿಟ್ಟ. ಅವಳ ಹಾಳೆಗಳನ್ನು ಒಂದೊಂದಾಗಿ ಫೈಲಿನಿಂದ ತೆಗೆದು ಬೇರೆ ಇಟ್ಟ. "ನಿಮ್ಮ ಹೆಸರನ್ನ ಸ್ಟಡಿಯಿಂದ ತೆಗೀಬೇಕಾಗುತ್ತೆ. ಮುಂದಿನ ಬುಧವಾರ ಬರೋದು ಬೇಡ," ಎಂದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರ ಮತ್ತೆ ದೀಪ ಹಾಕದ ಸಂಜೆಗಳು. ತಾರಾದೇವಿ ಬಂದು ಎರಡು ಸಲ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಬುಧವಾರ ಬಂತು. ಕೋಣೆಯಲ್ಲಿ ಕೂರಲಾಗದೆ ವಸುಮತಿ ಕೇದಾರ ಘಾಟಿನ ಮೆಟ್ಟಿಲಿಗೆ ಬಂದು ಕುಳಿತಳು. ಬಿಸಿಲು ಇಳಿಯುತ್ತಿತ್ತು. ದಕ್ಷಿಣದ ಯಾತ್ರಿಕರ ಗುಂಪೊಂದು ನೀರಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಅವರ ನಡುವೆ ದಾರಿ ಮಾಡಿಕೊಂಡು ಸುಧನ್ವ ಇಳಿದು ಬಂದ.

"ಫೈಲಿನಲ್ಲಿದ್ದ ವಿಳಾಸಕ್ಕೆ ಹೋಗಿದ್ದೆ. ನೀವು ಇಲ್ಲಿದ್ದೀರಿ ಅಂತ ತಾರಾದೇವಿ ಅಂದ್ರು," ಎಂದು ಒಂದು ಮೆಟ್ಟಿಲು ಬಿಟ್ಟು ಕುಳಿತ. "ಮೀಟಿಂಗ್‌ನಲ್ಲಿ ಎಲ್ಲಾ ಹೇಳ್ದೆ. ತಪ್ಪು ನಂದೂ ಇದೆ. ಇನ್ಮೇಲೆ ಪರೀಕ್ಷೆಯಲ್ಲಿ ನಾನು ಓದಲ್ಲ, ರೆಕಾರ್ಡ್ ಮಾಡಿದ ದನಿ ಓದುತ್ತೆ. ರಾಮು ಚಾಚಾಗೂ ಎರಡೇ ಸಲ ಸಾಕು ಅಂತ ಹೇಳಿದ್ದೀನಿ."

"ಸಿಟ್ಟು ಹೋತೇನ್ರಿ?"

"ಮೂರು ದಿನ ಇತ್ತು."

"ನಾಕನೇ ದಿನ?"

"ಬುಧವಾರಕ್ಕೆ ಇನ್ನೂ ಎಷ್ಟು ದಿನ ಅಂತ ಎಣಿಸ್ತಾ ಕೂತೆ."

ವಸುಮತಿ ಥಟ್ಟನೆ ತಲೆಯೆತ್ತಿದಳು. ಅವನು ದೋಣಿಗಳ ಕಡೆ ನೋಡುತ್ತಿದ್ದ, ಆದರೆ ಕಿವಿ ಪೂರ್ತಿ ಇತ್ತಲೇ ಇತ್ತು.

"ಒಂದು ಲೆಕ್ಕ ಹತ್ತಲಿಲ್ಲ ನನಗೆ. ನಿಮ್ಮ ಮೂಗು ಇದ್ದಲ್ಲೇ ಇದೆ. ಮನಸ್ಸು ಎರಡರಿಂದ ಎಂಟಕ್ಕೆ ಹೇಗೆ ಹೋಯ್ತು? ಅದೂ ಸುಳ್ಳಾ?"

"ಸ್ಟಡಿಗೆ ಕೇಳಾಕತ್ತೀರೇನು?"

"ನೀವು ಲಿಸ್ಟ್‌ನಲ್ಲೇ ಇಲ್ವಲ್ಲ. ನನಗೋಸ್ಕರ ಕೇಳ್ತಿದ್ದೀನಿ."

"ಅದು ಖರೇನ ರೀ. ನಿಮ್ಮಿಂದ ಆತು. ನಿಮ್ಮನ್ನ ನೋಡೂದಕ್ಕ ಬರ್ತಿದ್ದೆ ನಾ."

ಸುಧನ್ವ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಂಡು ಅವಳನ್ನೇ ನೋಡಿದ. "ನನ್ನ ಗಂಟಲು ನನಗಿಂತ ಮೊದಲೇ ಹೇಳಿಬಿಟ್ಟಿದೆ," ಎಂದ. "ನೀವಂದ್ರೆ ನನಗೆ ಇಷ್ಟ, ವಸುಮತಿ. ಮೂಗು ಬರದೇ ಹೋದ್ರೂ ಇಷ್ಟ. ಬರುತ್ತೆ ಅಂತ ಈಗಲೂ ಹೇಳಲ್ಲ."

ಅವನು ಪಕ್ಕಕ್ಕೆ ಬಂದು ಕೂರಲು ಎದ್ದಾಗ ಅವಳು ಕೈ ಅಡ್ಡ ಹಿಡಿದಳು. "ತಡೀರಿ. ಒಂದು ಕೇಳೂದೈತಿ. ಒಂದು ವರ್ಷದಿಂದ ಯಾರನ್ನೂ ಕೇಳಿಲ್ಲ." ಅವಳು ನೀರಿನ ಕಡೆ ಮುಖ ತಿರುಗಿಸಿದಳು. "ನನ್ನ ಮೈ ವಾಸನಿ ಬರ್ತದೇನ್ರಿ? ನಂಗ ತಿಳಿಯಂಗಿಲ್ಲ. ಅದಕ್ಕ ಬ್ಯಾಂಕಿನ್ಯಾಗ, ಆಟೋದಾಗ, ಎಲ್ಲಾ ಕಡಿ ದೂರ ದೂರ ಕುಂದರ್ತೀನಿ."

ಅವನು ಸಮಾಧಾನ ಹೇಳಲಿಲ್ಲ. ಅವಳ ಕೈಯನ್ನು ಮೆಲ್ಲಗೆ ಸರಿಸಿ ಪಕ್ಕದಲ್ಲಿ ಕುಳಿತು, ಕಿವಿಯ ಹಿಂದಿನ ಕೂದಲ ಬಳಿ ಬಾಗಿದ. ವಸುಮತಿ ಉಸಿರು ಹಿಡಿದು ಕಾದಳು.

"ಕೊಬ್ಬರಿ ಎಣ್ಣೆ. ಸ್ವಲ್ಪ ಬೆವರು," ಎಂದ ಅವನು.

"ಹೊಲಸೈತೇನ್ರಿ?"

"ದೂರ ಸರಿಯೋಕೆ ಮನಸ್ಸಾಗ್ತಿಲ್ಲ."

"ಹಂಗಾದ್ರ ಸರೀಬ್ಯಾಡ್ರಿ," ಎಂದಳು ವಸುಮತಿ.

ಅವನು ಸರಿಯಲಿಲ್ಲ.