ಟಿಕ್ ಟಿಕ್ ಪೆನ್ನು

"ನಿಮ್ಮ ಪೆನ್ನು ನೀವೇ ಇಟ್ಕೊಳ್ರಿ. ನಿನ್ನೆ ಅವ್ವ ತಲೆ ಸುತ್ತಿ ಬಿದ್ಲು. ಸಕ್ಕರೆ ಪೂರ್ತಿ ಇಳಿದುಹೋಗಿದೆ ಅಂದ್ರು ಡಾಕ್ಟ್ರು."

ಸೊರಬದ ಮನೆಯ ಹೊಸ್ತಿಲಲ್ಲೇ ಚೈತ್ರಶ್ರೀ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಳು. ಶಿಕಾರಿಪುರದಿಂದ ಮೊದಲ ಬಸ್ಸಿಗೇ ಓಡಿಬಂದಿದ್ದ ಕೊಟ್ರೇಶ್ ಪೆಚ್ಚಾದ. ಔಷಧ ಕಂಪನಿಯೊಂದಕ್ಕೆ ಅವನು ತಯಾರಿಸುತ್ತಿದ್ದ ಇನ್ಸುಲಿನ್ ಪೆನ್ನು ಅದು. ಚೈತ್ರಳ ಅವ್ವ, ಸಕ್ಕರೆ ಕಾಯಿಲೆಯ ಜಗದಾಂಬಮ್ಮನ ಮಂಜುಗಣ್ಣಿಗೆ ಸಿರಿಂಜಿನ ಗೆರೆ ಕಾಣುತ್ತಿರಲಿಲ್ಲ. ಅದಕ್ಕೇ ತಿರುಗಿಸಿದರೆ ಒಂದೊಂದು ಅಳತೆಗೂ ಟಿಕ್ ಟಿಕ್ ಅಂತ ಕೇಳುವ ಹಾಗೆ ಮಾಡಿ, ಡಾಕ್ಟರನ್ನು ಒಪ್ಪಿಸಿ ಪರೀಕ್ಷೆಗೆ ಕೊಟ್ಟಿದ್ದ.

ಚೈತ್ರಳಿಗೆ ಸಿಟ್ಟು ಬಂದಿದ್ದು ನಿಜ. ಒಳಗಿನ ಸಂಕಟವೇ ಬೇರೆ. "ಅವ್ವನಿಗೆ ದಿನಾ ಸೂಜಿ ಹಾಕೋಳು ನಾನು. ಅವಳೇ ಹಾಕ್ಕೊಳ್ಳೋವರೆಗೂ ಮದುವೆ ಮಾತು ಎತ್ತಬೇಡಿ" ಎಂದು ಹೋದ ತಿಂಗಳು ಅವನಿಗೆ ಹೇಳಿದವಳು ಅವಳೇ. ಪೆನ್ನು ಸೋತರೆ ಅವನೂ ಕೈತಪ್ಪಿದ ಹಾಗೇ.

"ಟಿಕ್ ಎಣಿಕೆ ತಪ್ಪಿತ್ತೇನ್ರೀ?"

"ಇಲ್ಲ. ಪಕ್ಕದಲ್ಲೇ ನಿಂತು ಎಣಿಸಿದೀನಿ."

"ಹಂಗಾದ್ರೆ ಇವತ್ತು ಕೂತು ನೋಡ್ತೀನಿ. ಆಗಬಹುದಾ?"

"ಬೇಡ ಅಂದ್ರೆ ಹೋಗ್ತೀರಾ?"

ನಗು ಬಂದುಬಿಟ್ಟೀತೆಂದು ಅವಳು ತಿರುಗಿ ನಿಂತಳು. ಅವನ ಕಣ್ಣು ತನ್ನ ಜಡೆಯ ಮೇಲೇ ಇದೆ ಅಂತ ಬೆನ್ನಿಗೇ ಗೊತ್ತಾಗುತ್ತಿತ್ತು.

ಜಗದಾಂಬಮ್ಮ ಸ್ನಾನ ಮುಗಿಸಿ ಬಂದು ಪೆನ್ನು ಎತ್ತಿಕೊಂಡರು. "ಚುಚ್ಕೊಂಡು ಲಿಂಗಪೂಜೆಗೆ ಕೂತ್ಬಿಡ್ತೀನಪ್ಪ."

ಕೊಟ್ರೇಶ್ ದಡಕ್ಕನೆ ಎದ್ದ. "ತಡೀರಿ ಅಮ್ಮಾ. ಪೂಜೆ ಎಷ್ಟು ಹೊತ್ತು?"

"ಗಂಟೆ ಮೇಲಾಗುತ್ತೆ. ಅಲ್ಲೀವರೆಗೂ ಒಂದು ತುತ್ತೂ ಮುಟ್ಟಲ್ಲ. ಪೂಜೆಯಿಂದ ಎದ್ದು ಸೀದಾ ಪ್ರಸಾದದ ಊಟಕ್ಕೆ ಕೂರ್ಬೇಕು, ನಡುವೆ ಸೂಜಿ ಯಾಕೆ ಅಂತ ನಿನ್ನೇನೂ ಮೊದಲೇ ಮುಗಿಸಿದೆ."

ಚೈತ್ರ ಹಣೆ ಚಚ್ಚಿಕೊಂಡಳು. ತಾನು ಹಾಕುತ್ತಿದ್ದುದು ಪೂಜೆ ಮುಗಿದ ಮೇಲೆ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲೇ ಇಲ್ಲ. ನಿನ್ನೆ ಟಿಕ್ ಎಣಿಸುವ ಭರದಲ್ಲಿ ಹೊತ್ತಿನ ಕಡೆ ಗಮನವೂ ಹೋಗಿರಲಿಲ್ಲ.

"ತಪ್ಪು ನಂದು," ಅಂದ ಕೊಟ್ರೇಶ್. "ಚುಚ್ಕೊಂಡು ಅಷ್ಟು ಹೊತ್ತು ಉಪವಾಸ ಇದ್ರೆ ಸಕ್ಕರೆ ಇಳಿಯೋದೇ. ಊಟಕ್ಕೆ ಅರ್ಧ ಗಂಟೆ ಮುಂಚೆ ಅಂದೆ, ಈ ಮನೇಲಿ ಊಟ ಯಾವಾಗ ಅಂತ ಕೇಳಲಿಲ್ಲ. ಪೂಜೆ ಮುಗಿಸಿ ಹಾಕ್ಕೊಳ್ಳಿ ಅಮ್ಮಾ. ಇವರು ಆಗ ರೊಟ್ಟಿ ತಟ್ಟೋಕೆ ಶುರು ಮಾಡ್ಲಿ."

ಹಾಗೇ ಆಯಿತು. ಪೂಜೆ ಮುಗಿಸಿದ ಜಗದಾಂಬಮ್ಮ ಕಿವಿಗೊಟ್ಟು ಟಿಕ್ ಎಣಿಸಿ, ತಾವೇ ಚುಚ್ಚಿಕೊಂಡರು. ಬಿಸಿ ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಸಾಲದೆಂದು ತಗಾದೆಯನ್ನೂ ತೆಗೆದರು. ಮಧ್ಯಾಹ್ನವಾದರೂ ತಲೆ ಸುತ್ತಲಿಲ್ಲ.

ಚೈತ್ರ ಖುಷಿ ತಡೆಯಲಾಗದೆ ಕೊಟ್ರೇಶ್ ಕೂತಿದ್ದ ಜಗಲಿಗೆ ಬಂದಳು.

"ಮನೆಯವರನ್ನ ಯಾವಾಗ ಕರ್ಕೊಂಡು ಬರ್ತೀರಿ?"

"ಏನಂದ್ರಿ?"

"ಕಿವಿಗೆ ಕೇಳೋ ಪೆನ್ನು ಮಾಡ್ತೀರಿ, ನಿಮಗೇ ಕಿವಿ ಕೇಳಲ್ವಾ? ನಾನು ಒಪ್ಪಿದೀನಿ ಅಂದೆ."

ಒಳಗಿಂದ ಜಗದಾಂಬಮ್ಮನೇ ಉತ್ತರ ಕೊಟ್ಟರು.

"ನಾಳೇನೇ ಬರ್ಲಿ ಕಣೇ. ನನ್ನ ಸೂಜಿ ನಾನು ನೋಡ್ಕೋತೀನಿ."